ದೋಷವರದಿಗಳ ವಿಂಗಡಣೆ (ಮುಕ್ತ ತಂತ್ರಾಂಶ)

ದೋಷವರದಿಗಳ ವಿಂಗಡಣೆ ಎಂದರೆ ಮುಕ್ತ ತಂತ್ರಾಂಶ ಯೋಜನೆಯೊಂದಕ್ಕೆ ಬಳಕೆದಾರರಿಂದ ಬರುವ ದೋಷವರದಿ, ದೂರು ಮತ್ತು ಕೋರಿಕೆಗಳನ್ನು ಓದಿ, ಪರೀಕ್ಷಿಸಿ, ಅವುಗಳ ತೀವ್ರತೆ ಹಾಗೂ ಆದ್ಯತೆಯನ್ನು ನಿರ್ಧರಿಸಿ, ಸರಿಪಡಿಸಬಲ್ಲವರಿಗೆ ತಲುಪಿಸುವ ಕೆಲಸ. ಇಂಗ್ಲಿಷಿನಲ್ಲಿ ಇದಕ್ಕೆ ‘ಬಗ್ ಟ್ರಯಾಜ್’ ಎಂಬ ಹೆಸರಿದೆ. ಈ ಕೆಲಸವನ್ನು ಯೋಜನೆಯ ನಿರ್ವಾಹಕರು ಅಥವಾ ಅವರಿಗೆ ನೆರವಾಗುವ ಸ್ವಯಂಸೇವಕರು ಮಾಡುತ್ತಾರೆ. ದೋಷವನ್ನು ಸರಿಪಡಿಸುವುದು ವಿಂಗಡಣೆಯ ಭಾಗವಲ್ಲ; ಯಾವ ದೋಷವನ್ನು, ಯಾರು, ಯಾವಾಗ ಸರಿಪಡಿಸಬೇಕು ಎಂಬ ತೀರ್ಮಾನಕ್ಕೆ ದಾರಿ ಮಾಡಿಕೊಡುವುದು ಅದರ ಉದ್ದೇಶ. ಕನ್ನಡದಂತಹ ಭಾಷೆಗಳ ವಿಷಯದಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಕನ್ನಡ ಅಕ್ಷರಗಳನ್ನು ತೆರೆಯ ಮೇಲೆ ಮೂಡಿಸುವ ತಂತ್ರಾಂಶಗಳ ನಿರ್ವಾಹಕರಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬರುವುದಿಲ್ಲ. ಹೀಗಾಗಿ ಕನ್ನಡದ ದೋಷವೊಂದು ಪರಿಹಾರ ಕಾಣುವುದೇ ಇಲ್ಲವೇ ಎಂಬುದು ವರದಿಯ ಗುಣಮಟ್ಟವನ್ನೂ ಅದರ ವಿಂಗಡಣೆಯನ್ನೂ ಬಹುಮಟ್ಟಿಗೆ ಅವಲಂಬಿಸಿರುತ್ತದೆ.

ಹೆಸರು ಮತ್ತು ಹಿನ್ನೆಲೆ

‘ಟ್ರಯಾಜ್’ ಎಂಬುದು ‘ಬೇರ್ಪಡಿಸು’, ‘ಆರಿಸು’ ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದ ಶಬ್ದ. ಯುದ್ಧಭೂಮಿಯಲ್ಲಿ ಗಾಯಗೊಂಡವರನ್ನು ದರ್ಜೆಯ ಬದಲು ಗಾಯದ ತೀವ್ರತೆಗೆ ಅನುಗುಣವಾಗಿ ಉಪಚರಿಸುವ ಪದ್ಧತಿಯನ್ನು ನೆಪೋಲಿಯನ್ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆಯ ಹೆಸರಿನೊಂದಿಗೆ ಸೇರಿಸಿ ಹೇಳಲಾಗುತ್ತದೆ. ಇಂದಿಗೂ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಈ ಕ್ರಮ ಬಳಕೆಯಲ್ಲಿದೆ. ವೈದ್ಯರು ಕಡಿಮೆಯಿದ್ದು ರೋಗಿಗಳು ಹೆಚ್ಚಿರುವ ಸ್ಥಿತಿಗೂ, ನಿರ್ವಾಹಕರು ಕಡಿಮೆಯಿದ್ದು ವರದಿಗಳು ಹೆಚ್ಚಿರುವ ಸ್ಥಿತಿಗೂ ಇರುವ ಹೋಲಿಕೆಯಿಂದ ಈ ಪದ ತಂತ್ರಾಂಶ ಕ್ಷೇತ್ರಕ್ಕೆ ಬಂದಿತು.

ಮುಕ್ತ ತಂತ್ರಾಂಶದ ಆರಂಭದ ದಿನಗಳಲ್ಲಿ ದೋಷಗಳನ್ನು ನೇರವಾಗಿ ಲೇಖಕರಿಗೆ ಇಮೇಲ್ ಮೂಲಕ ತಿಳಿಸುವುದು ರೂಢಿಯಾಗಿತ್ತು. ಯೋಜನೆಗಳು ಬೆಳೆದಂತೆ ಪ್ರತಿ ವರದಿಗೂ ಒಂದು ಸಂಖ್ಯೆ ನೀಡಿ ಅದರ ಸ್ಥಿತಿಯನ್ನು ದಾಖಲಿಸುವ ವ್ಯವಸ್ಥೆಗಳು ರೂಪುಗೊಂಡವು. ಡೆಬಿಯನ್ ಯೋಜನೆಯ ದೋಷ ದಾಖಲಾತಿ ವ್ಯವಸ್ಥೆಯನ್ನು ಇಯಾನ್ ಜಾಕ್ಸನ್ 1994ರಲ್ಲಿ ರೂಪಿಸಿದರು. ಅದು ಇಂದಿಗೂ ಇಮೇಲ್ ಆಧಾರದ ಮೇಲೆಯೇ ನಡೆಯುತ್ತದೆ. ನೆಟ್‌ಸ್ಕೇಪ್ ಸಂಸ್ಥೆಯ ಟೆರ‍್ರಿ ವೈಸ್‌ಮನ್ ಬರೆದ ಬಗ್‌ಝಿಲ್ಲಾ 1998ರಲ್ಲಿ ಮುಕ್ತವಾಗಿ ಬಿಡುಗಡೆಯಾಗಿ, ಮೊಝಿಲ್ಲಾ, ಗ್ನೋಮ್, ಕೆಡಿಇ, ರೆಡ್ ಹ್ಯಾಟ್ ಮುಂತಾದ ಕಡೆಗಳಲ್ಲಿ ಬಳಕೆಗೆ ಬಂದಿತು. 2008ರಲ್ಲಿ ಆರಂಭವಾದ ಗಿಟ್‌ಹಬ್ ತಾಣವು ಸಂಕೇತದ ಭಂಡಾರ ಮತ್ತು ದೋಷಗಳ ಪಟ್ಟಿ ಎರಡನ್ನೂ ಒಂದೇ ಕಡೆ ಒದಗಿಸಿದ ಮೇಲೆ ವರದಿ ಸಲ್ಲಿಸುವುದು ಇನ್ನಷ್ಟು ಸುಲಭವಾಯಿತು. ಸಲ್ಲಿಕೆ ಸುಲಭವಾದಷ್ಟೂ ವಿಂಗಡಣೆಯ ಹೊರೆ ಹೆಚ್ಚಿತು.

ವಿಂಗಡಣೆಯ ಹಂತಗಳು

ಯೋಜನೆಯಿಂದ ಯೋಜನೆಗೆ ಪದ್ಧತಿ ಬೇರೆಯಾದರೂ ಸಾಮಾನ್ಯವಾಗಿ ಈ ಕೆಳಗಿನ ಹಂತಗಳನ್ನು ಕಾಣಬಹುದು.

ಮಾಹಿತಿಯ ಪರಿಶೀಲನೆ: ತಂತ್ರಾಂಶದ ಆವೃತ್ತಿ, ಕಾರ್ಯಾಚರಣಾ ವ್ಯವಸ್ಥೆ, ಮಾಡಿದ ಕ್ರಿಯೆ, ನಿರೀಕ್ಷಿಸಿದ ಫಲಿತಾಂಶ ಮತ್ತು ದೊರೆತ ಫಲಿತಾಂಶ ವರದಿಯಲ್ಲಿವೆಯೇ ಎಂದು ನೋಡಲಾಗುತ್ತದೆ. ಇಲ್ಲದಿದ್ದರೆ ‘ಹೆಚ್ಚಿನ ಮಾಹಿತಿ ಬೇಕು’ ಎಂಬ ಗುರುತು ಹಾಕಿ ವರದಿಗಾರರನ್ನು ಕೇಳಲಾಗುತ್ತದೆ.

ಮರುಸೃಷ್ಟಿ: ವರದಿಯಲ್ಲಿ ಹೇಳಿದ ಕ್ರಮವನ್ನು ಅನುಸರಿಸಿದಾಗ ದೋಷವು ಮತ್ತೊಂದು ಗಣಕದಲ್ಲಿಯೂ ಕಾಣಿಸುತ್ತದೆಯೇ ಎಂಬ ಪರೀಕ್ಷೆ ಇದು. ಮರುಸೃಷ್ಟಿಯಾಗದ ದೋಷವನ್ನು ಸರಿಪಡಿಸುವುದು ಬಹಳ ಕಷ್ಟ. ಸರಿಪಡಿಸಿದರೂ ಅದು ನಿಜವಾಗಿ ಹೋಗಿದೆಯೆಂದು ಖಚಿತಪಡಿಸಿಕೊಳ್ಳಲು ಸಾಧ್ಯವಿಲ್ಲ.

ನಕಲುಗಳ ಪತ್ತೆ: ಒಂದೇ ದೋಷವನ್ನು ಹಲವರು ಹಲವು ಮಾತುಗಳಲ್ಲಿ ವರದಿ ಮಾಡಿರುತ್ತಾರೆ. ಅವುಗಳನ್ನು ಒಂದು ಮುಖ್ಯ ವರದಿಗೆ ಜೋಡಿಸಿ ಉಳಿದವುಗಳನ್ನು ‘ನಕಲು’ ಎಂದು ಮುಚ್ಚಲಾಗುತ್ತದೆ.

ಸ್ಥಳ ನಿರ್ಧಾರ: ದೋಷವು ಈ ಯೋಜನೆಯದ್ದೇ, ಅದು ಅವಲಂಬಿಸಿರುವ ಬೇರೊಂದು ಯೋಜನೆಯದ್ದೇ ಎಂದು ಕಂಡುಹಿಡಿಯಲಾಗುತ್ತದೆ. ಬೇರೆ ಯೋಜನೆಯದ್ದಾದರೆ ವರದಿಯನ್ನು ಅಲ್ಲಿಗೆ ರವಾನಿಸಿ, ಎರಡರ ನಡುವೆ ಕೊಂಡಿ ಕಲ್ಪಿಸಲಾಗುತ್ತದೆ.

ವರ್ಗೀಕರಣ: ದೋಷ, ಹೊಸ ಸೌಲಭ್ಯದ ಕೋರಿಕೆ, ದಸ್ತಾವೇಜಿನ ಕೊರತೆ, ಬಳಕೆಯ ಕುರಿತ ಪ್ರಶ್ನೆ ಎಂಬಂತೆ ಬೇರ್ಪಡಿಸಿ ಲೇಬಲ್ ಹಚ್ಚಲಾಗುತ್ತದೆ. ಹಿಂದೆ ಸರಿಯಾಗಿದ್ದು ಹೊಸ ಆವೃತ್ತಿಯಲ್ಲಿ ಕೆಟ್ಟದ್ದಾದರೆ ಅದನ್ನು ‘ರಿಗ್ರೆಶನ್’ ಎಂದು ಪ್ರತ್ಯೇಕವಾಗಿ ಗುರುತಿಸುವುದು ವಾಡಿಕೆ. ಯಾವ ಬದಲಾವಣೆಯಿಂದ ಕೆಟ್ಟಿತು ಎಂಬುದನ್ನು ಹಳೆಯ ಆವೃತ್ತಿಗಳ ಹೋಲಿಕೆಯಿಂದ ಹುಡುಕಬಹುದಾದ್ದರಿಂದ ಇಂಥವು ಬೇಗ ಪರಿಹಾರವಾಗುವ ಸಾಧ್ಯತೆ ಹೆಚ್ಚು.

ಮುಕ್ತಾಯ: ಸರಿಪಡಿಸಲಾಗಿದೆ, ದೋಷವಲ್ಲ, ಸರಿಪಡಿಸಲಾಗುವುದಿಲ್ಲ, ನಮ್ಮಲ್ಲಿ ಕಾಣಿಸುತ್ತಿಲ್ಲ ಎಂಬ ಕಾರಣಗಳಲ್ಲಿ ಒಂದನ್ನು ನಮೂದಿಸಿ ವರದಿಯನ್ನು ಮುಚ್ಚಲಾಗುತ್ತದೆ. ಸರಿಪಡಿಸಿದ ದೋಷವು ಮರಳಿ ಬಾರದಂತೆ ಅದರ ಉದಾಹರಣೆಯನ್ನು ಯೋಜನೆಯ ಪರೀಕ್ಷಾ ಸಂಚಿಕೆಗೆ ಸೇರಿಸುವ ಪದ್ಧತಿಯೂ ಇದೆ.

ತೀವ್ರತೆ ಮತ್ತು ಆದ್ಯತೆ

ತೀವ್ರತೆಯೆಂದರೆ ದೋಷದಿಂದ ಆಗುವ ಹಾನಿಯ ಪ್ರಮಾಣ. ಆದ್ಯತೆಯೆಂದರೆ ಅದನ್ನು ಎಷ್ಟು ಬೇಗ ಕೈಗೆತ್ತಿಕೊಳ್ಳಬೇಕು ಎಂಬ ತೀರ್ಮಾನ. ಇವೆರಡೂ ಒಂದೇ ಅಲ್ಲ. ಅಪರೂಪಕ್ಕೆ ಸಂಭವಿಸುವ ದತ್ತನಾಶವು ತೀವ್ರವಾದರೂ, ನಾಳೆ ಬಿಡುಗಡೆಯಾಗಲಿರುವ ಆವೃತ್ತಿಯ ಮುಖಪುಟದ ಕಾಗುಣಿತ ದೋಷವು ಆದ್ಯತೆಯಲ್ಲಿ ಮುಂದೆ ಬರಬಹುದು.

ಡೆಬಿಯನ್ ಯೋಜನೆಯಲ್ಲಿ ತೀವ್ರತೆಯ ಏಳು ಮಟ್ಟಗಳಿವೆ:

1. ಕ್ರಿಟಿಕಲ್ – ಸಂಬಂಧವಿಲ್ಲದ ಇತರ ತಂತ್ರಾಂಶಗಳನ್ನೂ ಕೆಡಿಸುವ, ಗಂಭೀರ ದತ್ತನಾಶ ಉಂಟುಮಾಡುವ ಅಥವಾ ಇಡೀ ವ್ಯವಸ್ಥೆಯ ಭದ್ರತೆಗೆ ಧಕ್ಕೆ ತರುವ ದೋಷ
2. ಗ್ರೇವ್ – ಆ ತಂತ್ರಾಂಶವನ್ನೇ ಬಹುತೇಕ ನಿರುಪಯುಕ್ತಗೊಳಿಸುವ ದೋಷ
3. ಸೀರಿಯಸ್ – ಡೆಬಿಯನ್ ನೀತಿಯ ಗಂಭೀರ ಉಲ್ಲಂಘನೆ, ಅಥವಾ ಬಿಡುಗಡೆಗೆ ಯೋಗ್ಯವಲ್ಲವೆಂದು ನಿರ್ವಾಹಕರು ಭಾವಿಸುವ ದೋಷ
4. ಇಂಪಾರ್ಟೆಂಟ್ – ಬಳಕೆಗೆ ದೊಡ್ಡ ತೊಡಕಾದರೂ, ಎಲ್ಲರಿಗೂ ಸಂಪೂರ್ಣ ನಿರುಪಯುಕ್ತವಾಗಿಸದ ದೋಷ
5. ನಾರ್ಮಲ್ – ಸಾಮಾನ್ಯ ದೋಷ
6. ಮೈನರ್ – ಚಿಕ್ಕ ದೋಷ
7. ವಿಶ್‌ಲಿಸ್ಟ್ – ಹೊಸ ಸೌಲಭ್ಯದ ಕೋರಿಕೆ

ಮೊದಲ ಮೂರು ಮಟ್ಟದ ದೋಷಗಳು ಹೊಸ ಆವೃತ್ತಿಯ ಬಿಡುಗಡೆಯನ್ನು ತಡೆಹಿಡಿಯಬಲ್ಲವು. ನಾಲ್ಕನೆಯ ಮಟ್ಟದ ವ್ಯಾಖ್ಯೆಯಲ್ಲಿರುವ ‘ಎಲ್ಲರಿಗೂ’ ಎಂಬ ಮಾತು ಭಾಷಾ ದೋಷಗಳ ದೃಷ್ಟಿಯಿಂದ ಗಮನಾರ್ಹ. ಕನ್ನಡದ ಒತ್ತಕ್ಷರಗಳೆಲ್ಲ ಚದುರಿ ಕಾಣುವ ಪಠ್ಯ ಸಂಪಾದಕವು ಕನ್ನಡ ಬರೆಯುವವರಿಗೆ ಸಂಪೂರ್ಣ ನಿರುಪಯುಕ್ತ. ಆದರೆ ಇಂಗ್ಲಿಷ್ ಬರೆಯುವವರಿಗೆ ಅದರಲ್ಲಿ ಯಾವ ತೊಂದರೆಯೂ ಕಾಣದು. ಆದ್ದರಿಂದ ಅಂತಹ ದೋಷವು ನಿಯಮದ ಪ್ರಕಾರ ಬಿಡುಗಡೆಯನ್ನು ತಡೆಯುವ ಮಟ್ಟಕ್ಕೆ ಏರದೆ ‘ಇಂಪಾರ್ಟೆಂಟ್’ ಎಂಬಲ್ಲಿಗೇ ನಿಲ್ಲುವ ಸಂಭವ ಹೆಚ್ಚು. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು 4.37 ಕೋಟಿ. ಆದರೆ ವಿಂಗಡಿಸುವವರ ಮುಂದೆ ಕಾಣುವುದು ಜನಸಂಖ್ಯೆಯಲ್ಲ, ವರದಿಗಳ ಸಂಖ್ಯೆ. ವರದಿ ಮಾಡುವ ರೂಢಿ ಕಡಿಮೆಯಿರುವ ಭಾಷೆಯ ತೊಂದರೆಗಳು ಪಟ್ಟಿಯಲ್ಲಿ ಚಿಕ್ಕದಾಗಿ ಕಾಣುತ್ತವೆ.

ವಿಕಿಪೀಡಿಯ ಮತ್ತು ಅದರ ಸೋದರ ಯೋಜನೆಗಳ ತಂತ್ರಾಂಶ ದೋಷಗಳನ್ನು 2014ರವರೆಗೆ ಬಗ್‌ಝಿಲ್ಲಾದಲ್ಲಿ, ಅನಂತರ ಫ್ಯಾಬ್ರಿಕೇಟರ್‌ನಲ್ಲಿ ದಾಖಲಿಸಲಾಗುತ್ತಿದೆ. ಅಲ್ಲಿ ಹೊಸ ವರದಿಗೆ ‘ವಿಂಗಡಣೆ ಬಾಕಿ’ ಎಂಬ ಸ್ಥಿತಿ ತಾನಾಗಿಯೇ ಸಿಗುತ್ತದೆ. ಆ ಬಳಿಕ ‘ಕೂಡಲೇ ಸರಿಪಡಿಸಿ’ ಎಂಬ ಅರ್ಥದ ಅತ್ಯುನ್ನತ ಮಟ್ಟದಿಂದ ಅತಿ ಕಡಿಮೆ ಮಟ್ಟದವರೆಗೆ ಆದ್ಯತೆ ನೀಡಲಾಗುತ್ತದೆ. ಕನ್ನಡ ವಿಕಿಪೀಡಿಯದ ಸದಸ್ಯರು ಲಿಪ್ಯಂತರಣ, ಕೀಲಿಮಣೆ ಅಥವಾ ತಾಣದ ಸಂದೇಶಗಳಿಗೆ ಸಂಬಂಧಿಸಿದ ತಾಂತ್ರಿಕ ತೊಂದರೆಗಳನ್ನು ದಾಖಲಿಸುವುದೂ ಇಲ್ಲಿಯೇ.

ಕನ್ನಡ ಲಿಪಿಯ ದೋಷಗಳು

ಕನ್ನಡದ ಒಂದು ಪದವು ಕೀಲಿಮಣೆಯಿಂದ ತೆರೆಯವರೆಗೆ ಹಲವು ತಂತ್ರಾಂಶಗಳ ಕೈದಾಟುತ್ತದೆ. ಕೀಲಿಮಣೆ ವಿನ್ಯಾಸವು ಒತ್ತಿದ ಕೀಲಿಗಳನ್ನು ಯೂನಿಕೋಡ್ ಸಂಕೇತಗಳಾಗಿ ಬದಲಿಸುತ್ತದೆ. ಆನ್ವಯಿಕ ತಂತ್ರಾಂಶವು ಆ ಸಂಕೇತಗಳನ್ನು ಅಕ್ಷರ ಜೋಡಣಾ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಹಾರ್ಫ್‌ಬಜ್ ಎಂಬುದು ಇಂತಹ ಒಂದು ಮುಕ್ತ ಜೋಡಣಾ ತಂತ್ರಾಂಶ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಮತ್ತು ಲಿಬ್ರೆ ಆಫೀಸ್‌ಗಳು ಇದನ್ನು ಬಳಸುತ್ತವೆ. ಅದು ಫಾಂಟಿನಲ್ಲಿರುವ ನಿಯಮಗಳನ್ನು ಓದಿ ಗುಣಿತಾಕ್ಷರ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಅವುಗಳ ಸ್ಥಾನದಲ್ಲಿ ಕೂರಿಸುತ್ತದೆ. ಲೋಹಿತ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ, ಗುಬ್ಬಿ, ನವಿಲು ಮೊದಲಾದವು ಮುಕ್ತ ಪರವಾನಗಿಯ ಕನ್ನಡ ಫಾಂಟುಗಳು. ಇವುಗಳಲ್ಲಿ ಲೋಹಿತ್, ಗುಬ್ಬಿ ಮತ್ತು ನವಿಲು ಡೆಬಿಯನ್‌ನಲ್ಲಿ ಪ್ರತ್ಯೇಕ ಪೊಟ್ಟಣಗಳಾಗಿ ದೊರೆಯುತ್ತವೆ.

ಬಳಕೆದಾರರಿಗೆ ಕಾಣುವುದು ಕೊನೆಯ ಫಲಿತಾಂಶ ಮಾತ್ರ. ‘ಅಕ್ಷರ ಒಡೆದು ಕಾಣುತ್ತಿದೆ’ ಎಂಬ ವರದಿಯ ಮೂಲ ಇವುಗಳಲ್ಲಿ ಯಾವುದರಲ್ಲಿಯೂ ಇರಬಹುದು. ಅದನ್ನು ಬೇರ್ಪಡಿಸಲು ವಿಂಗಡಿಸುವವರು ಸರಳ ಪರೀಕ್ಷೆಗಳನ್ನು ಬಳಸುತ್ತಾರೆ. ಅದೇ ಪಠ್ಯವನ್ನು ಬೇರೊಂದು ಫಾಂಟಿನಲ್ಲಿ ಇಟ್ಟಾಗ ಸರಿಯಾಗಿ ಕಂಡರೆ ಮೊದಲು ಫಾಂಟನ್ನು ಶಂಕಿಸಬೇಕಾಗುತ್ತದೆ. ಎಲ್ಲ ಫಾಂಟುಗಳಲ್ಲಿಯೂ ತಪ್ಪಾಗಿ ಕಂಡರೆ ಜೋಡಣಾ ತಂತ್ರಾಂಶವನ್ನು ಅಥವಾ ಪಠ್ಯದಲ್ಲಿನ ಸಂಕೇತಗಳ ಅನುಕ್ರಮವನ್ನು ನೋಡಬೇಕಾಗುತ್ತದೆ. ಹಾರ್ಫ್‌ಬಜ್ ಜೊತೆಗೆ ಬರುವ ‘ಎಚ್‌ಬಿ-ವ್ಯೂ’ ಎಂಬ ಚಿಕ್ಕ ಉಪಕರಣಕ್ಕೆ ಒಂದು ಫಾಂಟನ್ನೂ ಒಂದು ಪದವನ್ನೂ ಕೊಟ್ಟರೆ, ಬೇರೆ ಯಾವ ಆನ್ವಯಿಕ ತಂತ್ರಾಂಶದ ಮಧ್ಯಸ್ಥಿಕೆಯೂ ಇಲ್ಲದೆ ಚಿತ್ರ ಮೂಡುತ್ತದೆ. ಅಲ್ಲಿ ಸರಿಯಾಗಿದ್ದು ಆನ್ವಯಿಕ ತಂತ್ರಾಂಶದಲ್ಲಿ ಮಾತ್ರ ಕೆಟ್ಟಿದ್ದರೆ ತಪ್ಪು ಆ ತಂತ್ರಾಂಶದ್ದು ಎಂದು ಊಹಿಸಬಹುದು.

ಲಿಪಿ ಓದಲು ಬಾರದ ನಿರ್ವಾಹಕರು ಸರಿ–ತಪ್ಪನ್ನು ತಿಳಿಯಲು ಹೋಲಿಕೆಯ ಮಾರ್ಗವನ್ನೂ ಅನುಸರಿಸಿದ್ದಾರೆ. ಭಾರತೀಯ ಲಿಪಿಗಳ ಜೋಡಣೆಯನ್ನು ಪರೀಕ್ಷಿಸಲು ಹಾರ್ಫ್‌ಬಜ್ ಯೋಜನೆಯವರು ಆಯಾ ಭಾಷೆಯ ವಿಕಿಪೀಡಿಯಗಳಿಂದ ಪದಗಳನ್ನು ಸಂಗ್ರಹಿಸಿ, ತಮ್ಮ ಫಲಿತಾಂಶವನ್ನು ಮೈಕ್ರೋಸಾಫ್ಟ್ ಸಂಸ್ಥೆಯ ಯೂನಿಸ್ಕ್ರೈಬ್ ನೀಡುವ ಫಲಿತಾಂಶದೊಂದಿಗೆ ಹೋಲಿಸಿದರು. ಕನ್ನಡವೂ ಈ ಪರೀಕ್ಷೆಯಲ್ಲಿ ಸೇರಿತ್ತು. ವ್ಯತ್ಯಾಸ ಬಂದ ಪದಗಳನ್ನಷ್ಟೇ ಪರಿಶೀಲಿಸಿದರೆ ಸಾಕಾಗುತ್ತಿದ್ದುದರಿಂದ ಕೆಲಸ ಹಗುರವಾಯಿತು.

‘ರ‍್ಯಾಂಕ್’ ಪದದ ಉದಾಹರಣೆ

ಕನ್ನಡದಲ್ಲಿ ‘ರ’ಕಾರಕ್ಕೆ ಹಲಂತ ಸೇರಿ ಮತ್ತೊಂದು ವ್ಯಂಜನ ಬಂದಾಗ ‘ಸೂರ್ಯ’, ‘ಕಾರ್ಖಾನೆ’ ಎಂಬಂತೆ ಅರ್ಕಾವತ್ತು ಮೂಡುವುದು ಸಾಮಾನ್ಯ ನಿಯಮ. ಆದರೆ ‘ರ‍್ಯಾಂಕ್’, ‘ರ‍್ಯಾಲಿ’ ಮುಂತಾದ ಎರವಲು ಪದಗಳಲ್ಲಿ ‘ರ’ ಪೂರ್ಣಾಕ್ಷರವಾಗಿ ನಿಂತು ‘ಯ’ ಒತ್ತಾಗಬೇಕು. ಇದಕ್ಕಾಗಿ ‘ಜೀರೋ ವಿಡ್ತ್ ಜಾಯಿನರ್’ ಎಂಬ, ಕಣ್ಣಿಗೆ ಕಾಣದ ಜೋಡಕ ಸಂಕೇತವನ್ನು ಬಳಸಲಾಗುತ್ತದೆ. ಯೂನಿಕೋಡ್ ಮಾನಕದ ಪ್ರಕಾರ ಕನ್ನಡದಲ್ಲಿ ಈ ಜೋಡಕವು ‘ರ’ ಆದ ಕೂಡಲೇ, ಅಂದರೆ ಹಲಂತಕ್ಕಿಂತ ಮೊದಲು ಬರಬೇಕು. ಆದರೆ ಹಲಂತವಾದ ಮೇಲೆ ಜೋಡಕವನ್ನಿಟ್ಟು ಬರೆದ ಹಳೆಯ ಕನ್ನಡ ಪಠ್ಯಗಳೂ ಬಳಕೆಯಲ್ಲಿದ್ದವು. ದೇವನಾಗರಿಯಲ್ಲಿ ಅರ್ಧಾಕ್ಷರಕ್ಕಾಗಿ ಬಳಸುವುದೂ ಇದೇ ಎರಡನೆಯ ಕ್ರಮವನ್ನು.

ಹಾರ್ಫ್‌ಬಜ್ ಯೋಜನೆಯ ಗಿಟ್‌ಹಬ್ ಪಟ್ಟಿಯಲ್ಲಿ 435ನೆಯ ಸಂಖ್ಯೆಯ ವರದಿಯು ಈ ಪ್ರಶ್ನೆಗೆ ಸಂಬಂಧಿಸಿದ್ದು. ವಿಂಗಡಣೆಯ ದೃಷ್ಟಿಯಿಂದ ಇದಕ್ಕೆ ಹಲವು ಉತ್ತರಗಳು ಸಾಧ್ಯವಿದ್ದವು. ಮಾನಕಕ್ಕೆ ಹೊಂದದ ಪಠ್ಯವೆಂದು ‘ದೋಷವಲ್ಲ’ ಎಂಬ ಗುರುತಿನೊಂದಿಗೆ ಮುಚ್ಚುವುದು ಒಂದು. ಎಲ್ಲ ಫಾಂಟುಗಳ ತಯಾರಕರೂ ಹಳೆಯ ಕ್ರಮಕ್ಕೆ ನಿಯಮ ಸೇರಿಸಲಿ ಎಂದು ಅವರ ಕಡೆಗೆ ರವಾನಿಸುವುದು ಇನ್ನೊಂದು. ಜೋಡಣಾ ತಂತ್ರಾಂಶದಲ್ಲಿಯೇ ಎರಡೂ ಕ್ರಮಗಳನ್ನು ಒಪ್ಪಿಕೊಳ್ಳುವುದು ಮೂರನೆಯದು. ಯೋಜನೆಯು ಮೂರನೆಯದನ್ನು ಆಯ್ದುಕೊಂಡಿತು. ಕನ್ನಡ ಪಠ್ಯದಲ್ಲಿ ರ, ಹಲಂತ, ಜೋಡಕ ಎಂಬ ಅನುಕ್ರಮ ಕಂಡರೆ, ಅಕ್ಷರ ಮೂಡಿಸುವಾಗ ಕೊನೆಯ ಎರಡನ್ನು ಅದಲುಬದಲು ಮಾಡಿಕೊಳ್ಳಲಾಗುತ್ತದೆ. ಹಳೆಯ ಬಳಕೆಯೊಂದಿಗೆ ಹೊಂದಾಣಿಕೆಗಾಗಿ ಹೀಗೆ ಮಾಡಲಾಗಿದೆ ಎಂಬ ಟಿಪ್ಪಣಿಯೂ ಆ ವರದಿಯ ಕೊಂಡಿಯೂ ಮೂಲ ಸಂಕೇತದಲ್ಲಿವೆ.

ಈ ಪರಿಹಾರವು ಕಾಣುವ ರೂಪವನ್ನು ಮಾತ್ರ ಸರಿಪಡಿಸುತ್ತದೆ. ಕಡತದಲ್ಲಿ ಉಳಿದಿರುವ ಸಂಕೇತಗಳು ಹಾಗೆಯೇ ಇರುತ್ತವೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ‘ರ‍್ಯಾಂಕ್’ಗಳು ಗಣಕಕ್ಕೆ ಬೇರೆ ಬೇರೆ ಪದಗಳು. ಹುಡುಕು ತಂತ್ರಾಂಶವು ಜೋಡಕವನ್ನು ಕಡೆಗಣಿಸದಿದ್ದರೆ, ಒಂದು ಕ್ರಮದಲ್ಲಿ ಬರೆದು ಹುಡುಕಿದ ವಿದ್ಯಾರ್ಥಿಗೆ ಇನ್ನೊಂದು ಕ್ರಮದಲ್ಲಿ ಬರೆದ ಪಟ್ಟಿ ಸಿಗುವುದಿಲ್ಲ. ಹೀಗೆ ಒಂದೇ ಮೂಲದಿಂದ ಎರಡು ದೋಷಗಳು ಹುಟ್ಟುತ್ತವೆ. ಒಂದು ಜೋಡಣಾ ತಂತ್ರಾಂಶದ ಪಟ್ಟಿಗೆ, ಮತ್ತೊಂದು ಹುಡುಕು ತಂತ್ರಾಂಶದ ಪಟ್ಟಿಗೆ ಸೇರಬೇಕಾಗುತ್ತದೆ. ಒಂದನ್ನು ಮುಚ್ಚಿದಾಗ ಎರಡೂ ಮುಗಿದವೆಂದು ಭಾವಿಸದಿರುವುದು ವಿಂಗಡಿಸುವವರ ಹೊಣೆ.

ಭದ್ರತಾ ದೋಷಗಳು

ಭದ್ರತೆಗೆ ಸಂಬಂಧಿಸಿದ ವರದಿಗಳನ್ನು ಸಾರ್ವಜನಿಕ ಪಟ್ಟಿಯಲ್ಲಿ ಸಲ್ಲಿಸುವಂತಿಲ್ಲ. ಪರಿಹಾರ ಸಿದ್ಧವಾಗುವ ಮೊದಲೇ ದೋಷ ಬಯಲಾದರೆ ದುರುಪಯೋಗಕ್ಕೆ ದಾರಿಯಾಗುತ್ತದೆ. ಆದ್ದರಿಂದ ಹೆಚ್ಚಿನ ಯೋಜನೆಗಳು ಇವುಗಳಿಗಾಗಿ ಖಾಸಗಿ ಇಮೇಲ್ ವಿಳಾಸ ಅಥವಾ ಗೋಪ್ಯ ನಮೂನೆಯನ್ನು ಇಟ್ಟಿರುತ್ತವೆ. 2014ರ ಏಪ್ರಿಲ್‌ನಲ್ಲಿ ಓಪನ್ ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ಹಾಗೂ 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆಯ ‘ಲಾಗ್‌ಫೋರ್‌ಶೆಲ್’ ದೋಷಗಳು ಬೆಳಕಿಗೆ ಬಂದಾಗ, ಜಗತ್ತಿನಾದ್ಯಂತ ಬಳಕೆಯಲ್ಲಿರುವ ತಂತ್ರಾಂಶಗಳನ್ನು ಎಷ್ಟು ಕಡಿಮೆ ಜನ ನೋಡಿಕೊಳ್ಳುತ್ತಿದ್ದಾರೆ ಎಂಬುದು ಚರ್ಚೆಗೆ ಬಂದಿತು.

ನಿರ್ವಾಹಕರ ಮೇಲಿನ ಹೊರೆ

ಅನೇಕ ಮುಕ್ತ ತಂತ್ರಾಂಶಗಳ ನಿರ್ವಾಹಕರು ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ಕೆಲಸ ಮಾಡುತ್ತಾರೆ. 2016ರ ಜನವರಿಯಲ್ಲಿ ಹಲವು ಯೋಜನೆಗಳ ನಿರ್ವಾಹಕರು ಗಿಟ್‌ಹಬ್‌ಗೆ ಬಹಿರಂಗ ಪತ್ರ ಬರೆದು, ಅಗತ್ಯ ಮಾಹಿತಿಯಿಲ್ಲದ ವರದಿಗಳು ಮತ್ತು ‘ನನಗೂ ಹೀಗೆಯೇ ಆಗಿದೆ’ ಎಂಬಂತಹ ಪ್ರತಿಕ್ರಿಯೆಗಳಿಂದ ಆಗುವ ತೊಂದರೆಯನ್ನು ವಿವರಿಸಿದರು. ಅದೇ ವರ್ಷ ಆ ತಾಣದಲ್ಲಿ ವರದಿಗಳಿಗೆ ಸಿದ್ಧ ನಮೂನೆ ಒದಗಿಸುವ ಸೌಲಭ್ಯ ಬಂದಿತು. ಬಹುಕಾಲ ಚಲನೆಯಿಲ್ಲದ ವರದಿಗಳನ್ನು ತಾನಾಗಿಯೇ ಮುಚ್ಚುವ ಬಾಟ್‌ಗಳೂ ಬಳಕೆಯಲ್ಲಿವೆ. ಕುಬರ್ನೆಟೀಸ್ ಯೋಜನೆಯಲ್ಲಿ 90 ದಿನ ಚಟುವಟಿಕೆಯಿಲ್ಲದ ವರದಿಯನ್ನು ಹಳತೆಂದು ಗುರುತಿಸಿ, ಮತ್ತೆ 30 ದಿನಗಳ ಎರಡು ಅವಧಿಗಳ ಬಳಿಕ ಮುಚ್ಚಲಾಗುತ್ತದೆ. ಇದರಿಂದ ಪಟ್ಟಿ ಚಿಕ್ಕದಾಗುತ್ತದೆ. ಆದರೆ ವರದಿ ಮಾಡುವವರು ವಿರಳವಾಗಿರುವ ಭಾಷೆಗಳ ನಿಜವಾದ ದೋಷಗಳೂ ಇದೇ ಜರಡಿಯಲ್ಲಿ ಸೋರಿಹೋಗುವ ಅಪಾಯವಿದೆ.

ನಿರ್ವಾಹಕರ ಬಳಲಿಕೆಯು ಭದ್ರತೆಯ ಪ್ರಶ್ನೆಯೂ ಹೌದೆಂಬುದನ್ನು ಎಕ್ಸ್‌ಝಡ್ ಪ್ರಕರಣ ತೋರಿಸಿತು. ದತ್ತ ಸಂಕೋಚನೆಗೆ ಬಳಸುವ ಈ ತಂತ್ರಾಂಶದ ನಿರ್ವಾಹಕರ ಮೇಲೆ, ಕೆಲಸ ನಿಧಾನವಾಗುತ್ತಿದೆಯೆಂದು 2022ರಲ್ಲಿ ಕೆಲವು ಅಪರಿಚಿತ ಖಾತೆಗಳಿಂದ ಒತ್ತಡ ಬಂದಿತು. ಕ್ರಮೇಣ ‘ಜಿಯಾ ಟ್ಯಾನ್’ ಎಂಬ ಹೆಸರಿನ ಸಹಾಯಕ ಖಾತೆಗೆ ನಿರ್ವಹಣೆಯ ಅಧಿಕಾರ ದೊರೆಯಿತು. ಆ ಖಾತೆಯಿಂದ ಸೇರಿಸಲ್ಪಟ್ಟ ರಹಸ್ಯ ದ್ವಾರವನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ 2024ರ ಮಾರ್ಚ್ 29ರಂದು ಬಹಿರಂಗಪಡಿಸಿದರು. ಲಾಗಿನ್ ಆಗುವಾಗ ಕಂಡ ಸಣ್ಣ ವಿಳಂಬದ ಬೆನ್ನು ಹತ್ತಿದ್ದರಿಂದ ಅದು ಪತ್ತೆಯಾಯಿತು.

ಇತ್ತೀಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯಿಂದ ಬರೆಸಿದ, ಓದಲು ಸರಿಯಾಗಿ ಕಂಡರೂ ತಿರುಳಿಲ್ಲದ ವರದಿಗಳು ಹೊಸ ಹೊರೆಯಾಗಿವೆ. ಕರ್ಲ್ ತಂತ್ರಾಂಶದ ಡೇನಿಯಲ್ ಸ್ಟೆನ್‌ಬರ್ಗ್ 2024ರಿಂದ ಈ ಕುರಿತು ಬಹಿರಂಗವಾಗಿ ಬರೆಯುತ್ತಿದ್ದಾರೆ. ಇನ್ನೊಂದೆಡೆ, ನಿರ್ವಾಹಕರಿಗೆ ಆರ್ಥಿಕ ನೆರವು ನೀಡುವ ಪ್ರಯತ್ನಗಳೂ ನಡೆದಿವೆ. ಬೆಂಗಳೂರಿನ ಝಿರೋಧಾ ಸಂಸ್ಥೆಯು ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವ ನಿಧಿಯನ್ನು 2024ರ ಅಕ್ಟೋಬರ್‌ನಲ್ಲಿ ಘೋಷಿಸಿತು.

ಉತ್ತಮ ದೋಷವರದಿಯ ಲಕ್ಷಣಗಳು

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ತುಮಕೂರು ಸಮೀಪದ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಚೇರಿಯೊಂದರಲ್ಲಿ ಕನ್ನಡದ ಹಾಜರಿ ಪಟ್ಟಿಯನ್ನು ಮುದ್ರಿಸುವಾಗ ‘ಕಾರ್ಖಾನೆ’, ‘ಕಾರ್ಮಿಕ’ ಎಂಬ ಪದಗಳ ಅರ್ಕಾವತ್ತು ಅಕ್ಷರದಿಂದ ದೂರ ಸರಿದು ಬೀಳುತ್ತದೆ ಎಂದಿಟ್ಟುಕೊಳ್ಳೋಣ. ‘ಕನ್ನಡ ಸರಿಯಾಗಿ ಪ್ರಿಂಟ್ ಆಗುತ್ತಿಲ್ಲ’ ಎಂಬ ಒಂದು ಸಾಲಿನ ವರದಿಯಿಂದ ನಿರ್ವಾಹಕರಿಗೆ ಏನೂ ತಿಳಿಯದು. ಅದೇ ವರದಿಯು ಈ ಕೆಳಗಿನ ಅಂಶಗಳನ್ನು ಒಳಗೊಂಡಿದ್ದರೆ ಕನ್ನಡ ಬಾರದವರೂ ಅದನ್ನು ಪರೀಕ್ಷಿಸಬಲ್ಲರು:

• ದೋಷ ಕಾಣಿಸುವ ಅತಿ ಚಿಕ್ಕ ಪಠ್ಯ: ಇಡೀ ಪಟ್ಟಿಯ ಬದಲು ‘ಕಾರ್ಖಾನೆ’ ಎಂಬ ಒಂದೇ ಪದ, ನಕಲಿಸಿ ಬಳಸಬಹುದಾದ ಅಕ್ಷರರೂಪದಲ್ಲಿ
• ತಪ್ಪಾಗಿ ಕಾಣುವ ಚಿತ್ರ ಮತ್ತು ಸರಿಯಾಗಿ ಕಾಣಬೇಕಾದ ಚಿತ್ರ, ಅಕ್ಕಪಕ್ಕದಲ್ಲಿ
• ತಂತ್ರಾಂಶ, ಕಾರ್ಯಾಚರಣಾ ವ್ಯವಸ್ಥೆ ಹಾಗೂ ಫಾಂಟಿನ ಹೆಸರು ಮತ್ತು ಆವೃತ್ತಿ
• ಬೇರೆ ಫಾಂಟಿನಲ್ಲಿ, ತೆರೆಯ ಮೇಲೆ ಮತ್ತು ಪಿಡಿಎಫ್ ಕಡತದಲ್ಲಿ ಹೇಗೆ ಕಾಣುತ್ತದೆ ಎಂಬ ವಿವರ
• ಹಿಂದಿನ ಆವೃತ್ತಿಯಲ್ಲಿ ಸರಿಯಾಗಿತ್ತೇ ಎಂಬ ಮಾಹಿತಿ

ಹಾಜರಿ ಪಟ್ಟಿಯಲ್ಲಿ ಕಾರ್ಮಿಕರ ಹೆಸರು, ದೂರವಾಣಿ ಸಂಖ್ಯೆಗಳಿರುವುದರಿಂದ ಅದರ ಚಿತ್ರವನ್ನು ಹಾಗೆಯೇ ಸಾರ್ವಜನಿಕ ಪಟ್ಟಿಗೆ ಏರಿಸಬಾರದು. ಒಂದೇ ಪದದ ಉದಾಹರಣೆ ಈ ಕಾರಣಕ್ಕೂ ಉತ್ತಮ.

ಸಂಕೇತ ಬರೆಯಲು ಬಾರದವರೂ ವಿಂಗಡಣೆಯಲ್ಲಿ ಭಾಗವಹಿಸಬಹುದು. ಹಳೆಯ ವರದಿಗಳನ್ನು ಹೊಸ ಆವೃತ್ತಿಯಲ್ಲಿ ಪರೀಕ್ಷಿಸಿ ದೋಷ ಇನ್ನೂ ಇದೆಯೇ ಎಂದು ತಿಳಿಸುವುದು, ನಕಲುಗಳನ್ನು ಗುರುತಿಸುವುದು, ಕನ್ನಡದ ಸರಿಯಾದ ರೂಪ ಯಾವುದೆಂದು ವಿವರಿಸುವುದು ಇವೆಲ್ಲ ಯೋಜನೆಗಳಿಗೆ ಉಪಯುಕ್ತ. ಗ್ನೋಮ್, ಕೆಡಿಇ ಮತ್ತು ಉಬುಂಟು ಯೋಜನೆಗಳು ಇಂತಹ ಸ್ವಯಂಸೇವಕರಿಗಾಗಿ ಪ್ರತ್ಯೇಕ ತಂಡಗಳನ್ನು ಕಟ್ಟಿದ್ದುಂಟು. ಕನ್ನಡದ ದೋಷಗಳ ವಿಷಯದಲ್ಲಿ ಕೊನೆಯ ಕೆಲಸವನ್ನು, ಅಂದರೆ ಮೂಡಿದ ಅಕ್ಷರ ಸರಿಯೋ ತಪ್ಪೋ ಎಂದು ಹೇಳುವುದನ್ನು, ಕನ್ನಡ ಓದಬಲ್ಲವರು ಮಾತ್ರ ಖಚಿತವಾಗಿ ಮಾಡಬಲ್ಲರು.